ಪೊವ್ವಲ್‌ನ ಇಸಿಯೋ, ಪುತ್ತೂರು ಕಡೆಯ ಸಿಎಸ್ಸೋ? ಗೊತ್ತಿದ್ದವರು ಹೇಳಿ

ಪೆರ್ಲದ ಅಪ್ಪ:
ಮಗಳದ್ದು ಪ್ಲಸ್ ಟು ಮುಗಿಯಿತು. ಹತ್ತರವರೆಗೆ ಕನ್ನಡ ಮೀಡಿಯಂ. ಕೇರಳದ ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆ ಕೀಂನಲ್ಲಿ ಕಾಸರಗೋಡಿನ ಪೊವ್ವಲ್‌ನ ಎಲ್‌ಬಿಎಸ್‌ನಲ್ಲಿ ಇಲೆಕ್ಟ್ರಾನಿಕ್ಸ್ (ಇಸಿ) ಸಿಕ್ಕಿದೆ. ಗಡಿನಾಡು ಕನ್ನಡಿಗರ ಲೆಕ್ಕದಲ್ಲಿ ಕರ್ನಾಟಕದ ಸಿಇಟಿಯನ್ನೂ ಬರೆದಿದ್ದಳು, ಪುತ್ತೂರು ಕಡೆಯ ಒಂದು ಖಾಸಗಿ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ (ಸಿಎಸ್) ಬಂದಿದೆ. ಒಂದು ಕೇರಳದ ತಾಂತ್ರಿಕ ವಿಶ್ವವಿದ್ಯಾಲಯ ಕೆಟಿಯು, ಇನ್ನೊಂದು ಕರ್ನಾಟಕದ ವಿಟಿಯು. ಸಾಲ ಮಾಡಿಯೇ ಓದಿಸಬೇಕು. ಯಾವುದಕ್ಕೆ ಸೇರಿಸುವುದು?

ಬದಿಯಡ್ಕ ಇಲೆಕ್ಟ್ರಿಕಲ್:
ಚರ್ಚೆ ಮತ್ತೆ, ಮೊದಲು ಕೀಂನ ಲಾಗಿನ್ ತೆರೆಯಿರಿ. ಪೊವ್ವಲ್‌ಗಿಂತ ಮೇಲೆ ಕೊಟ್ಟ ಓಪ್ಷನ್ (ಬೇಕೆಂದು ಬರೆದ ಕಾಲೇಜು) ಯಾವುದೆಲ್ಲ ಉಳಿದಿದೆ ನೋಡಿ. ಮುಂದಿನ ಅಲಾಟ್‌ಮೆಂಟಿನಲ್ಲಿ ಮೇಲಿನದ್ದು ಸಿಕ್ಕಿದರೆ ಈಗಿನ ಸೀಟು ತನ್ನಷ್ಟಕ್ಕೇ ಹೋಗುತ್ತದೆ, ಆಮೇಲೆ ಯಾರ ಹತ್ತಿರ ಹೇಳಿದರೂ ವಾಪಸ್ ಇಲ್ಲ. ದೂರದ ತಿರುವನಂತಪುರ, ಕೊಲ್ಲಂ ಎಲ್ಲ ಸುಮ್ಮನೆ ಮೇಲೆ ಹಾಕಿಟ್ಟು ಮರೆತವರು ಪ್ರತಿ ವರ್ಷ ಸಿಕ್ಕಿಬೀಳುತ್ತಾರೆ. ಬೇಡದ್ದನ್ನು ಅಳಿಸಿ, ಕನ್ಫರ್ಮ್ ಒತ್ತಿ, ಪ್ರಿಂಟ್ ತೆಗೆದಿಡಿ. ಮೆಮೋದಲ್ಲಿ ತೋರಿಸಿದ ಹಣವನ್ನು ಕೊನೇ ದಿನದೊಳಗೆ ಕಟ್ಟದಿದ್ದರೂ ಸೀಟು ಹೋಗುತ್ತದೆ.

ಇನ್ನು ಕಾಲೇಜು. ಪೊವ್ವಲ್‌ನದ್ದು 1993ರ ಕಾಲೇಜು, ಸರಕಾರದ ಎಲ್‌ಬಿಎಸ್ ಸೆಂಟರಿನದ್ದು. ಖಾಸಗಿಯವರ ಹಾಗೆ ನಡುವೆ ಹೊಸ ಹೊಸ ಹೆಸರಿನಲ್ಲಿ ಹಣ ಕೇಳುವ ತಲೆಬಿಸಿ ಕಡಿಮೆ. ಟ್ಯೂಷನ್ ಫೀ ಇಲ್ಲದ, ಟ್ಯೂಷನ್ ಫೀ ವೇವರ್ ಎಂಬ 5% ಹೆಚ್ಚುವರಿ ಸೀಟು ಉಂಟು, ಮನೆಯ ವಾರ್ಷಿಕ ಆದಾಯ 8 ಲಕ್ಷದೊಳಗಿರಬೇಕು. ಕೆಟಿಯುನಲ್ಲಿ ಹಾಜರಿ 75% ಸಾಕು, ವಿಟಿಯುನಲ್ಲಿ 85% ಬೇಕು. ದಿನಾ ಬಸ್ಸಿನಲ್ಲಿ ಹೋಗಿಬರುವ ಮಗುವಿಗೆ ಆ ಹತ್ತು ಶೇಕಡಾ ಎಷ್ಟು ದೊಡ್ಡದು ಅಂತ ಮಳೆಗಾಲದಲ್ಲಿ ಗೊತ್ತಾಗುತ್ತದೆ. ನಾಳೆ ಕೇರಳ ಪಿಎಸ್‌ಸಿಯಲ್ಲಿ ಅಸಿಸ್ಟೆಂಟ್ ಎಂಜಿನಿಯರ್ ಅರ್ಜಿ ಹಾಕುವಾಗ ಕೆಟಿಯು ಡಿಗ್ರಿಗೆ ಯಾರೂ ಪ್ರಶ್ನೆ ಕೇಳುವುದಿಲ್ಲ. ಇಸಿ ಸಿಕ್ಕಿತು ಅಂತ ಬೇಸರವೂ ಬೇಡ, ಮಾರ್ಕ್ ಇದ್ದರೆ ಬೇರೆ ವಿಭಾಗದ ಮೈನರ್ (ಜೊತೆಗೆ ಓದುವ ಉಪವಿಷಯ) ತೆಗೆದುಕೊಂಡು ಪ್ರೋಗ್ರಾಮಿಂಗ್ ಕಲಿಯಬಹುದು.

ವಿಟ್ಲ ದಾರಿ:
75% ಹಾಜರಿ ಸಾಕು ಅಂತ ಹೇಳಿ ಕಾಲೇಜು ಆರಿಸುವುದಾ ಅಣ್ಣ? ಹೆಣ್ಣುಮಗು ಪೊವ್ವಲ್‌ಗೆ ಹೇಗೆ ಹೋಗುತ್ತಾಳೆ ಹೇಳಿ. ಪೆರ್ಲದಿಂದ ಬದಿಯಡ್ಕ, ಅಲ್ಲಿಂದ ಚೆರ್ಕಳ, ಚೆರ್ಕಳದಲ್ಲಿ ಇಳಿದು ಜಾಲ್ಸೂರು ರಸ್ತೆಯ ಬಸ್ಸು. ಪುತ್ತೂರು ಕಡೆಗಾದರೆ ಅದೇ ಚೆರ್ಕಳ–ಕಲ್ಲಡ್ಕ ರಸ್ತೆಯಲ್ಲಿ ಉಲ್ಟಾ ಹೋಗುವುದು, ಅಡ್ಕಸ್ಥಳ, ವಿಟ್ಲ ದಾಟಿದರೆ ಪುತ್ತೂರು. ಕಾಲೇಜು ಬಸ್ಸು ಎಲ್ಲಿಯವರೆಗೆ ಬರುತ್ತದೆ ಅಂತ ಬರವಣಿಗೆಯಲ್ಲಿ ಕೇಳಿ. ‘ಗಡಿಯವರೆಗೆ ಉಂಟು’ ಎಂಬ ಮಾತನ್ನು ನಂಬಬೇಡಿ, ಸ್ಟಾಪಿನ ಹೆಸರು, ಸಮಯ, ವರ್ಷದ ಹಣ ಮೂರೂ ಬೇಕು.

ಪಾಠದ ವಿಷಯ. ವಿಟಿಯು 2022ರ ಸ್ಕೀಮಿನಲ್ಲಿ (ಪಠ್ಯಕ್ರಮ) ಇಂಟರ್ನಲ್, ಅಂದರೆ ಕಾಲೇಜೇ ಕೊಡುವ ಅಂಕ, 50, ಸೆಮಿಸ್ಟರ್ ಪರೀಕ್ಷೆ 50. ಪರೀಕ್ಷೆ ಬರೆಯುವುದು 100ಕ್ಕೆ, ಇಳಿಸುವುದು 50ಕ್ಕೆ. ಇಂಟರ್ನಲ್‌ನಲ್ಲಿ 20 ಇಲ್ಲದಿದ್ದರೆ ಪರೀಕ್ಷೆಗೇ ಕೂರಿಸುವುದಿಲ್ಲ, ಪರೀಕ್ಷೆಯಲ್ಲಿ 18 ಬರಬೇಕು, ಎರಡೂ ಸೇರಿ 40. ಅಂದರೆ ಇಂಟರ್ನಲ್ ಗಟ್ಟಿ ಮಾಡಿಕೊಂಡವರು ಬೀಳುವುದು ಕಡಿಮೆ. ಕೆಟಿಯು 2024ರ ಸ್ಕೀಮಿನಲ್ಲಿ ಇಂಟರ್ನಲ್ 40, ಪರೀಕ್ಷೆ 60, ಆ 60ರಲ್ಲಿ 24 ಬರಲೇಬೇಕು. ಗಣಿತ ಮತ್ತು ಮೆಕ್ಯಾನಿಕ್ಸ್ ಪೇಪರಿನಲ್ಲಿ ಅಲ್ಲೇ ಮಕ್ಕಳು ಜಾರುವುದು. ಮತ್ತೆ ಭಾಷೆ. ಕೆಟಿಯು ಪುಸ್ತಕ ಇಂಗ್ಲಿಷ್, ಪರೀಕ್ಷೆ ಇಂಗ್ಲಿಷ್, ಆದರೆ ಡೌಟ್ ಬಿಡಿಸುವುದು ಮಲಯಾಳದಲ್ಲಿ. ಕನ್ನಡ ಮೀಡಿಯಂನ ಮಗು ಮೊದಲ ಸೆಮಿಸ್ಟರಿನಲ್ಲಿ ಎರಡು ಭಾಷೆಯ ಜೊತೆ ಗುದ್ದಾಡಬೇಕು. ವಿಟಿಯುನಲ್ಲಿ ಸಾಂಸ್ಕೃತಿಕ ಕನ್ನಡ ಅಂತ ಒಂದು ಪೇಪರೇ ಉಂಟು.

ಬದಿಯಡ್ಕ ಇಲೆಕ್ಟ್ರಿಕಲ್:
ಕಾಸರಗೋಡಿನಲ್ಲಿ ಹುಟ್ಟಿ ಬೆಳೆದು ಮಲಯಾಳ ಅರ್ಥವಾಗದಷ್ಟು ನಮ್ಮ ಮಕ್ಕಳು ದಡ್ಡರಲ್ಲ. ಹೆದರಿಸಬೇಡಿ.

ವಿಟ್ಲ ದಾರಿ:
ಬಸ್ಸಿನಲ್ಲಿ ಚಿಲ್ಲರೆ ಕೇಳುವ ಮಲಯಾಳ ಬೇರೆ, ಸಿಗ್ನಲ್ಸ್ ಪಾಠ ಬೇರೆ. ದಡ್ಡರು ಅಂತ ಯಾರು ಹೇಳಿದ್ದು?

ಉಪ್ಪಳದ ಅಕ್ಕ:
ನೀವಿಬ್ಬರು ಜಗಳ ಆಮೇಲೆ ಮಾಡಿ. ದಾಖಲೆ ಸರಿ ಇಲ್ಲದಿದ್ದರೆ ಪುತ್ತೂರಿನ ಸೀಟೇ ಇಲ್ಲ. ಗಡಿನಾಡು ವಿಭಾಗಕ್ಕೆ ಕೇರಳದಿಂದ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕು. ಮಂಜೇಶ್ವರ ತಾಲೂಕು ಆದದ್ದು 2014ರಲ್ಲಿ, ನಿಮ್ಮ ಪೆರ್ಲ ಇರುವ ಎಣ್ಮಕಜೆ ಈಗ ಅದರಲ್ಲಿ. ನಿಮ್ಮ ಮಗಳು ಒಂದನೇ ಕ್ಲಾಸಿಗೆ ಸೇರಿದ್ದು ಅದಕ್ಕೆ ಮೊದಲಾದರೆ ಶಾಲೆಯ ದಾಖಲೆಯಲ್ಲಿ ‘ಕಾಸರಗೋಡು ತಾಲೂಕು’, ಈಗಿನ ವಾಸದ ಸರ್ಟಿಫಿಕೇಟಿನಲ್ಲಿ ‘ಮಂಜೇಶ್ವರ ತಾಲೂಕು’. ಪರಿಶೀಲನೆಯ ಮೇಜಿನಲ್ಲಿ ಕೂತವರಿಗೆ ಇದು ಗೊತ್ತಿರುವುದಿಲ್ಲ, ಒಂದೇ ಊರು ಎರಡು ತಾಲೂಕಿನಲ್ಲಿ ಹೇಗೆ ಅಂತ ಪಕ್ಕಕ್ಕೆ ಇಡುತ್ತಾರೆ. ಹಾಗಾಗಿ ಒಂದೇ ಸ್ಥಳ, ಮೊದಲು ಆ ತಾಲೂಕು ಈಗ ಈ ತಾಲೂಕು ಎಂದು ಒಂದು ದೃಢೀಕರಣ ವಿಲೇಜ್ ಆಫೀಸಿನಿಂದ ಬರೆಸಿಟ್ಟುಕೊಳ್ಳಿ. ಮಲಯಾಳದಲ್ಲಿ ಬರೆದು ಕೊಟ್ಟರೆ ಅಲ್ಲಿ ಓದುವವರಿಲ್ಲ, ಇಂಗ್ಲಿಷಿನಲ್ಲೇ ಕೇಳಿ.

ಎರಡನೆಯದು ಹೆಸರು. ಎಸ್ಸೆಸ್ಸೆಲ್ಸಿಯಲ್ಲಿ ಇನಿಶಿಯಲ್ ಹಿಂದೆ, ಆಧಾರಿನಲ್ಲಿ ಮುಂದೆ, ಸಿಇಟಿ ಅರ್ಜಿಯಲ್ಲಿ ಇನಿಶಿಯಲ್ಲೇ ಇಲ್ಲ ಅಂತಾದರೆ ಮೂರೂ ಕಡೆ ಓಡಬೇಕು. ಮೂರನೆಯದು ಮಾರ್ಕು. ಪಿಯುಸಿಯವರ ಮಾರ್ಕು ಸಿಇಟಿ ನಡೆಸುವ ಪ್ರಾಧಿಕಾರಕ್ಕೆ ನೇರ ಹೋಗುತ್ತದೆ, ನಮ್ಮ ಪ್ಲಸ್ ಟು ಮಾರ್ಕನ್ನು ನಾವೇ ಪೋರ್ಟಲಿನಲ್ಲಿ ತುಂಬಬೇಕು. ತುಂಬದಿದ್ದರೆ ಸಿಇಟಿಯಲ್ಲಿ ಎಷ್ಟೇ ತೆಗೆದರೂ ಎಂಜಿನಿಯರಿಂಗ್ ರ್‍ಯಾಂಕ್ ಬರುವುದಿಲ್ಲ, ಯಾಕೆಂದರೆ ಅರ್ಧ ಅಂಕ ಅದರದ್ದೇ. ಇವರಿಗೆ ಸೀಟು ಬಂದಿದೆ ಅಂದಮೇಲೆ ಅದು ಆಗಿದೆ. ಮುಂದಿನ ವರ್ಷದವರು ಓದಿಕೊಳ್ಳಿ.

ಮೀಯಪದವು:
ಇಷ್ಟೆಲ್ಲ ಕಾಗದ ತಂದ ಮೇಲೂ ಕನ್ನಡ ಪರೀಕ್ಷೆ ಬೇರೆ ಬರೆಯಬೇಕು. ಹನ್ನೆರಡು ವರ್ಷ ಕನ್ನಡ ಕಲಿತ ಮಗುವಿಗೆ ಇನ್ನೊಮ್ಮೆ ಕನ್ನಡ ಬರುತ್ತದಾ ಅಂತ ಕೇಳುವುದು ಅವಮಾನ. ಬೆಂಗಳೂರಿನಲ್ಲಿ ಕನ್ನಡ ಬಾರದವನಿಗೆ ಏಳು ವರ್ಷ ಅಲ್ಲಿ ಓದಿದ ಅಂತ ಪರೀಕ್ಷೆ ಇಲ್ಲ.

ನೀರ್ಚಾಲು ಮೇಷ್ಟ್ರು:
ಅವಮಾನ ಅಲ್ಲ ಮಾರಾಯ್ರೆ, ಆ ಪರೀಕ್ಷೆ ಇರುವುದರಿಂದಲೇ ಈ ಬಾಗಿಲು ಉಳಿದದ್ದು. ಮಾತೃಭಾಷೆ ಕನ್ನಡ, ತುಳು, ಕೊಡವ ಅಂತ ಬಾಯಲ್ಲಿ ಹೇಳಿದವರಿಗೆಲ್ಲ ಸೀಟು ಕೊಟ್ಟರೆ ನಿಜವಾಗಿ ಕನ್ನಡ ಶಾಲೆಯಲ್ಲಿ ಕೂತ ಮಕ್ಕಳಿಗೆ ಎಂತ ಉಳಿಯುತ್ತದೆ? ಪ್ರಶ್ನೆ ಕಠಿಣ ಇಲ್ಲ. ತೊಂದರೆ ಆಗುವುದು ದಿನಾಂಕದಲ್ಲಿ. ಅದು ಸಿಇಟಿಯ ಬೇರೆ ಪೇಪರುಗಳ ದಿನವಲ್ಲ, ಪ್ರತ್ಯೇಕ ದಿನ. ಮೂರು ವಿಷಯ ಬರೆದು ಮನೆಗೆ ಬಂದು ಕೂತವರಿಗೆ ಗಡಿನಾಡು ಅರ್ಹತೆ ಸಿಗುವುದಿಲ್ಲ. ಪ್ಲಸ್ ಒನ್‌ನಲ್ಲೇ ಮಕ್ಕಳಿಗೆ ಇದನ್ನು ಹೇಳಬೇಕು, ನಮ್ಮ ಎಷ್ಟೋ ಶಾಲೆಗಳಲ್ಲಿ ಹೇಳುವುದೇ ಇಲ್ಲ.

ಮೀಯಪದವು:
ನೀವು ಮೇಷ್ಟ್ರು, ನಿಮಗೆ ಪರೀಕ್ಷೆ ಅಂದರೆ ಪ್ರೀತಿ. ನಾನು ಒಪ್ಪುವುದಿಲ್ಲ. ಕೇರಳದಲ್ಲಿ ಕನಿಷ್ಠ ನೇಟಿವಿಟಿ (ಇಲ್ಲಿನವರು ಎಂಬ ಸರ್ಟಿಫಿಕೇಟ್) ಒಂದರಲ್ಲಿ ಮುಗಿಯುತ್ತದೆ.

ವಿಟ್ಲ ದಾರಿ:
ಕೇರಳದಲ್ಲಿ ಮುಗಿಯುತ್ತದಾ? ಕೀಂನ 2025ರ ಜುಲೈ ಮರೆತಿರಾ? ರ್‍ಯಾಂಕ್ ಪಟ್ಟಿ ಬಂತು, ಪ್ಲಸ್ ಟುನ ಗಣಿತ, ಫಿಸಿಕ್ಸ್, ಕೆಮಿಸ್ಟ್ರಿ ಅಂಕಕ್ಕೆ 5:3:2 ತೂಕ ಅಂತ ಕೊನೇ ಗಳಿಗೆಯಲ್ಲಿ ಸೂತ್ರ ಬದಲಿಸಿದ್ದು ತಪ್ಪು ಅಂತ ಹೈಕೋರ್ಟ್ ಪಟ್ಟಿಯನ್ನೇ ರದ್ದು ಮಾಡಿತು, ಹಳೇ ಸಮಪಾಲಿನ ಸೂತ್ರದಲ್ಲಿ ಹೊಸ ಪಟ್ಟಿ. ಸ್ಟೇಟ್ ಸಿಲೆಬಸ್ ಮಕ್ಕಳು ಒಂದೇ ರಾತ್ರಿಯಲ್ಲಿ ಸಾವಿರಗಟ್ಟಲೆ ಹಿಂದೆ ಹೋದರು.

ಬದಿಯಡ್ಕ ಇಲೆಕ್ಟ್ರಿಕಲ್:
ಅದು ಆ ವರ್ಷದ ಮಾತು. ಇವರ ಮಗಳಿಗೆ ಸೀಟು ಸಿಕ್ಕಿಯಾಗಿದೆ. ಹಳೇ ಹುಣ್ಣು ಕೆರೆದು ಯಾರಿಗೆ ಲಾಭ?

ಕುಂಬಳೆ ಬ್ಯಾಂಕ್:
ಸಾಲದ ವಿಷಯ ಯಾರೂ ಮುಟ್ಟಲಿಲ್ಲ, ಅಪ್ಪ ಕೇಳಿದ್ದೇ ಅದನ್ನು. 4 ಲಕ್ಷದವರೆಗೆ ಶಿಕ್ಷಣ ಸಾಲಕ್ಕೆ ಜಾಮೀನು ಆಸ್ತಿಯೂ ಬೇಡ, ನಿಮ್ಮ ಪಾಲಿನ ಹಣವೂ ಬೇಡ. ಮೇಲೆ ಹೋದರೆ 5% ನೀವು ಹಾಕಬೇಕು. 7.5 ಲಕ್ಷದವರೆಗೆ ಸರಕಾರದ ಗ್ಯಾರಂಟಿ ನಿಧಿಯ ಅಡಿಯಲ್ಲಿ ಆಸ್ತಿ ಪತ್ರ ಕೇಳಬಾರದು. ಈಗ ಬಡ್ಡಿ ಲೆಕ್ಕ ಕೈಯಲ್ಲಿ ಹಾಕಿ. ವರ್ಷಕ್ಕೆ 1.5 ಲಕ್ಷದಂತೆ ನಾಲ್ಕು ಕಂತು, ಒಟ್ಟು 6 ಲಕ್ಷ, ಬಡ್ಡಿ 10% ಅಂತ ಇಟ್ಟುಕೊಳ್ಳಿ. ಓದು ನಾಲ್ಕು ವರ್ಷ, ಆಮೇಲೆ ಒಂದು ವರ್ಷ ಕಂತು ಇಲ್ಲ. ಮೊದಲ ಕಂತಿಗೆ ಐದು ವರ್ಷದ ಬಡ್ಡಿ 75,000, ಎರಡನೆಯದಕ್ಕೆ 60,000, ಮೂರಕ್ಕೆ 45,000, ನಾಲ್ಕಕ್ಕೆ 30,000. ಮಗಳು ಮೊದಲ ಕಂತು ಕಟ್ಟುವ ಮೊದಲೇ ಸರಳ ಬಡ್ಡಿಯೇ 2,10,000. ಇದೇ ಲೆಕ್ಕವನ್ನು ಎರಡೂ ಕಾಲೇಜಿನ ಫೀಸಿಗೆ ಹಾಕಿ ನೋಡಿ. ಹೊಳೆಯುವ ಕಟ್ಟಡ ನೋಡಿ ತೀರ್ಮಾನ ಮಾಡಬೇಡಿ.

ಆದಾಯ 4.5 ಲಕ್ಷದೊಳಗಿದ್ದರೆ ಆ ಐದು ವರ್ಷದ ಬಡ್ಡಿಯನ್ನು ಕೇಂದ್ರ ಕೊಡುವ ಯೋಜನೆ ಉಂಟು. ಅದಕ್ಕೆ ಕಾಲೇಜಿಗೆ ನ್ಯಾಕ್ ಅಥವಾ ಆ ಕೋರ್ಸಿಗೆ ಎನ್‌ಬಿಎ, ಈ ಎರಡರಲ್ಲಿ ಒಂದು ಗುಣಮಟ್ಟದ ಮಾನ್ಯತೆ ಬೇಕು. ಕಾಲೇಜಿಗೆ ಎನ್‌ಬಿಎ ಉಂಟು ಅಂದರೆ ಸಾಲದು, ಯಾವ ಬ್ರಾಂಚಿಗೆ, ಯಾವ ವರ್ಷದವರೆಗೆ ಅಂತ ಕೇಳಿ. ಹೊಸದಾಗಿ ಶುರು ಮಾಡಿದ ಬ್ರಾಂಚಿಗೆ ಹೆಚ್ಚಾಗಿ ಇರುವುದಿಲ್ಲ.

ವಿಟ್ಲ ದಾರಿ:
ಸಿಎಸ್ ಮಾಡಿದವಳು ಬೇಗ ಕೆಲಸಕ್ಕೆ ಸೇರಿದರೆ ಆ 2 ಲಕ್ಷ ಎಷ್ಟು ತಿಂಗಳದ್ದು ಹೇಳಿ?

ಕುಂಬಳೆ ಬ್ಯಾಂಕ್:
‘ಸೇರಿದರೆ’ ಅಂತ ಬ್ಯಾಂಕಿನ ಪುಸ್ತಕದಲ್ಲಿ ಕಾಲಂ ಇಲ್ಲ ತಮ್ಮ. ಕಾಲೇಜಿನವರು ಪ್ಲೇಸ್‌ಮೆಂಟ್ ಪಟ್ಟಿ ತೋರಿಸಿದಾಗ ಮೂರು ಕೇಳಿ: ಒಬ್ಬನೇ ಹುಡುಗನಿಗೆ ಸಿಕ್ಕಿದ ಎರಡು ಆಫರನ್ನು ಎರಡು ಅಂತ ಲೆಕ್ಕ ಹಾಕಿದ್ದಾ, ಟ್ರೈನಿಂಗ್ ಸ್ಟೈಪೆಂಡನ್ನು ಸಂಬಳ ಅಂತ ಬರೆದದ್ದಾ, ಸರಾಸರಿ ಹೇಳುತ್ತಾರಾ ಅಥವಾ ನಡುವಿನ ಹುಡುಗನ ಸಂಬಳ ಹೇಳುತ್ತಾರಾ.

ಪೆರ್ಲದ ಅಪ್ಪ:
ಎಲ್ಲರಿಗೂ ಧನ್ಯವಾದ. ಎರಡೂ ಕಡೆ ಹಣ ಕಟ್ಟಿ ಒಂದನ್ನು ಆಮೇಲೆ ಬಿಡಬಹುದಾ?

ಉಪ್ಪಳದ ಅಕ್ಕ:
ಬಿಡಬಹುದು, ಆದರೆ ಒರಿಜಿನಲ್ ಎರಡು ಕಡೆ ಕೊಡಲಿಕ್ಕೆ ಆಗುವುದಿಲ್ಲವಲ್ಲ. ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ ಎಐಸಿಟಿಇಯ ನಿಯಮದಲ್ಲಿ ತರಗತಿ ಶುರುವಾಗುವ ಮೊದಲು ಬಿಟ್ಟರೆ 1,000 ರೂಪಾಯಿಗಿಂತ ಹೆಚ್ಚು ಹಿಡಿಯಬಾರದು, ಸರ್ಟಿಫಿಕೇಟನ್ನೂ ಇಟ್ಟುಕೊಳ್ಳಬಾರದು. ನಿಯಮ ಗೊತ್ತಿಲ್ಲದ ತಂದೆತಾಯಿಯ ಹತ್ತಿರ ನಾಲ್ಕು ವರ್ಷದ ಫೀಸು ಕೇಳಿದ ಕಾಲೇಜು ಉಂಟು. ಕರ್ನಾಟಕದ ಸೀಟಿಗೆ ಚಾಯ್ಸ್ 1 ಅಂತ ಒತ್ತಿದರೆ ಆ ಸೀಟು ಒಪ್ಪಿಕೊಂಡ ಹಾಗೆ, 2 ಅಂದರೆ ಸೀಟು ಇಟ್ಟುಕೊಂಡು ಮುಂದಿನ ಸುತ್ತು, 3 ಅಂದರೆ ಸೀಟು ಬಿಟ್ಟು ಮುಂದಿನ ಸುತ್ತು, 4 ಅಂದರೆ ಪೂರ್ತಿ ಹೊರಗೆ. ಸೈಬರಿನವನ ಕೈಯಲ್ಲಿ ಒತ್ತಿಸಬೇಡಿ, ಮಗಳೇ ಓದಿ ಒತ್ತಲಿ.

ಬದಿಯಡ್ಕ ಇಲೆಕ್ಟ್ರಿಕಲ್:
ಮತ್ತು ಕೀಂನ ಮೇಲಿನ ಓಪ್ಷನ್ ಅಳಿಸಿದ್ದೀರಾ ಇಲ್ಲವಾ, ಅದಕ್ಕೆ ಉತ್ತರ ಕೊಡಿ ಮೊದಲು. ಸಮಯ ಮುಗಿದ ಮೇಲೆ ಆ ಪುಟ ತೆರೆಯುವುದೇ ಇಲ್ಲ.