ಸಪ್ತಾಪುರದ ಮನೆಗೆ ಯಾವ ಕಲ್ಲು?

ಗುಂಪು: ದೊಡ್ಡಮನೆ ಮಂದಿ
ಭಾನುವಾರ

ತಮ್ಮ, 9:12
(ಫಾರ್ವರ್ಡ್ ಆದ ವಿಡಿಯೊ: ಗ್ರಾನೈಟ್ ಕಾಲ ಮುಗಿಯಿತು, ಈಗ ಕ್ವಾರ್ಟ್ಜ್!)
ಸಪ್ತಾಪುರದ ನಾಲ್ಕೂ ಬಾಡಿಗೆ ಮನೆಯ ಅಡುಗೆ ಕಟ್ಟೆಗೆ ಇದನ್ನೇ ಹಾಕಿಸೋಣ. ಬಿಳಿ ಕಲ್ಲು, ಫೋಟೊದಲ್ಲಿ ಮಸ್ತ್ ಕಾಣುತ್ತದೆ.

ಕಾಕಾ, 9:20
ಚದರ ಅಡಿಗೆ ಎಷ್ಟಂತೆ?

ತಮ್ಮ, 9:21
450. ಗೋಕುಲ ರೋಡಿನಲ್ಲಿ ಕೇಳಿ ಬಂದೆ.

ಕಾಕಾ, 9:26
ಕರಿ ಗ್ರಾನೈಟ್ ಅದೇ ಅಂಗಡಿಯಲ್ಲಿ 160. ಒಂದು ಕಟ್ಟೆ 10 ಅಡಿ ಉದ್ದ, 2 ಅಡಿ ಅಗಲ. ನಾಲ್ಕು ಮನೆಗೆ 80 ಚದರ ಅಡಿ. ಲೆಕ್ಕ ನೀನೇ ಹಾಕು.

ತಮ್ಮ, 9:28
23,200 ಜಾಸ್ತಿ. ಮನೆಗೆ 500 ಬಾಡಿಗೆ ಏರಿಸಿದರೆ ವರ್ಷದಲ್ಲಿ ವಸೂಲಿ ರೀ ಕಾಕಾ.

ಕಾಕಾ, 9:31
ಕೊಡುವವರು ಯಾರು? ಅಲ್ಲಿ ಬರುವವರು ಕೋಚಿಂಗ್ ಹುಡುಗರು. ನೀರು ಎಷ್ಟು ದಿನಕ್ಕೊಮ್ಮೆ, ಗಾಡಿ ಎಲ್ಲಿ ನಿಲ್ಲಿಸಬೇಕು, ಇಷ್ಟೇ ಕೇಳುತ್ತಾರೆ.

ವೈನಿ, 9:40
ಅಡುಗೆ ಮಾಡುವವರನ್ನು ಯಾರೂ ಕೇಳಲಿಲ್ಲ ಅಲ್ವಾ? ಒಲೆಯಿಂದ ಇಳಿಸಿದ ಕುಕ್ಕರ್ ಸೀದಾ ಕಟ್ಟೆ ಮೇಲೆ. ರೊಟ್ಟಿ ಹಂಚೂ ಅಷ್ಟೇ. ಕ್ವಾರ್ಟ್ಜ್ ಪೂರ್ತಿ ಕಲ್ಲಲ್ಲ, ಕಲ್ಲಿನ ಪುಡಿಗೆ ರೆಸಿನ್ ಅಂತ ಪ್ಲಾಸ್ಟಿಕ್‌ನಂಥ ಅಂಟು ಸೇರಿಸಿ ಒತ್ತಿದ್ದು. ಬಿಸಿ ಹಂಚು ಇಟ್ಟರೆ ರೆಸಿನ್ ಸುಟ್ಟು ಹಳದಿ ಗುರುತು ಬೀಳುತ್ತದೆ. ಎಷ್ಟು ತಿಕ್ಕಿದರೂ ಹೋಗುವುದಿಲ್ಲ.

ತಮ್ಮ, 9:42
ಕೆಳಗೆ ಬಟ್ಟೆ ಇಡಿ ಅಂತ ಹೇಳಿದರಾಯ್ತು.

ವೈನಿ, 9:43
ನಿಮ್ಮ ಅಣ್ಣನಿಗೆ ಹತ್ತು ವರ್ಷದಿಂದ ಹೇಳುತ್ತಿದ್ದೇನೆ 😄

ಅಣ್ಣ, 9:44
ನಡುವೆ ನಾನ್ಯಾಕೆ ಬಂದೆ?

ಅಕ್ಕ (ಗದಗ), 9:58
ಕಡಪಾ ಕಲ್ಲೇ ಹಾಕಿಸಿ. ಇನ್ನೂ ಅಗ್ಗ.

ವೈನಿ, 10:01
ಬೇಡ ರೀ ಅಕ್ಕ. ಅದು ಸುಣ್ಣದ ಕಲ್ಲಿನ ಜಾತಿ. ಲಿಂಬೆರಸ, ಹುಣಸೆ ನೀರು ಬಿದ್ದಲ್ಲೆಲ್ಲ ಹೊಳಪು ಹೋಗುತ್ತದೆ.

ಅಕ್ಕ (ಗದಗ), 10:02
ಟೈಲ್ಸ್?

ಕಾಕಾ, 10:04
ಸಂದಿಯಲ್ಲಿ ಅರಿಶಿನ, ಎಣ್ಣೆ ಕೂತರೆ ಮುಗೀತು. ಗೋಡೆಗೆ ಸಾಕು ಅದು.

ಅಕ್ಕ (ಗದಗ), 10:05
ಹಾಗಾದರೆ ಇಳಕಲ್ ಕೆಂಪು ಗ್ರಾನೈಟ್. ನಮ್ಮ ಕಡೆಯದೇ ಕಲ್ಲು.

ತಮ್ಮ, 10:06
ಮನೆ ಬ್ಯಾಂಕಿನಂತೆ ಕಾಣುತ್ತದೆ.

ವೈನಿ, 10:09
ನಗಬೇಡ. ಬೋರ್ ನೀರು ಒಣಗಿದ ಬಿಳಿ ಕಲೆ ಕರಿ ಕಲ್ಲಿನ ಮೇಲೆ ಎದ್ದು ಕಾಣುತ್ತದೆ. ಕೆಂಪಿನ ಮೇಲೆ ಅಷ್ಟು ಕಾಣುವುದಿಲ್ಲ.

ನಾನು, 10:25
ಬಣ್ಣ ಆಮೇಲೆ. ಹೋದ ತಿಂಗಳು ಕೆಳಗಿನ ಮನೆ ಖಾಲಿಯಾದಾಗ ನಾನೇ ಹೋಗಿ ನೋಡಿದೆ. 14 ವರ್ಷದ ಗ್ರಾನೈಟ್, ಹೊಳಪು ಹಾಗೇ ಇದೆ. ಸೀಳಿದ್ದು ಒಂದೇ ಕಡೆ, ಸಿಂಕಿನ ಮೂಲೆಯಿಂದ ಮುಂದಿನ ಅಂಚಿನವರೆಗೆ. ಸಿಂಕಿಗೆ ಕೊರೆದ ಮೇಲೆ ಮುಂದೆ ಉಳಿಯುವುದು ನಾಲ್ಕು ಬೆರಳು ಕಲ್ಲು. ಕೆಳಗೆ ಆಸರೆ ಇಲ್ಲ. ಬಾಡಿಗೆಯವರು 20 ಲೀಟರಿನ ನೀರಿನ ಕ್ಯಾನ್ ಅಲ್ಲೇ ಇಡುತ್ತಿದ್ದರಂತೆ. ಸೀಳಿಗೆ ಎಂ-ಸೀಲ್ ತುಂಬಿ, ಮೇಲೆ ಗಣಪತಿ ಸ್ಟಿಕ್ಕರ್ ಅಂಟಿಸಿದ್ದಾರೆ. ಪಾಪ, ಡಿಪಾಸಿಟ್ ಭಯ.
450ರ ಕಲ್ಲು ಹಾಕಿದರೂ ಅಲ್ಲೇ ಸೀಳುತ್ತದೆ. ಉಳಿದ ದುಡ್ಡಿನಲ್ಲಿ ಸಿಂಕಿನ ಎರಡೂ ಬದಿಗೆ ಇಟ್ಟಿಗೆ ಗೋಡೆ ಎತ್ತಿಸಿ, ಗ್ರಾನೈಟಿನ ಕೆಳಗೆ ಕಡಪಾ ಹಾಸಿಸಿ. ಮೂಲೆ ಚೌಕ ಕೊರೆಯದೆ ದುಂಡಗೆ ಕೊರೆಯಲು ಹೇಳಿ.

ಅಕ್ಕ (ಗದಗ), 10:27
ನನ್ನ ಕಡಪಾ ಕೆಳಗಾದರೂ ಬಂತು 😀

ತಮ್ಮ, 10:33
ಸರಿ, ಗ್ರಾನೈಟ್. ಆದರೆ ಕೆಂಪು ಬೇಡವೇ ಬೇಡ.

ಕಾಕಾ, 10:36
ನಾಳೆ 10ಕ್ಕೆ ಅಂಗಡಿಗೆ ಬಾ. ಬರುವಾಗ ಒಂದು ಬಾಟಲಿ ಬೋರ್ ನೀರು ತಾ. ಕರಿ, ಕೆಂಪು ಎರಡೂ ತುಂಡಿನ ಮೇಲೆ ಸುರಿದು ಬಿಸಿಲಿಗೆ ಇಡೋಣ.

ವೈನಿ, 10:38
ನನ್ನ ನೇಲ್ ಪಾಲಿಶ್ ರಿಮೂವರ್ ಕೂಡ ಒಯ್ಯಿರಿ. ಹತ್ತಿಗೆ ಹಾಕಿ ಕರಿ ಕಲ್ಲಿನ ಮೇಲೆ ತಿಕ್ಕಿ. ಬಣ್ಣ ಹಾಕಿದ ಕಲ್ಲಾದರೆ ಹತ್ತಿ ಕಪ್ಪಾಗುತ್ತದೆ.

ಅಣ್ಣ, 10:39
ಅದರಲ್ಲಿ ಕಟ್ಟೆ ಮೇಲಿನ ಹಂಚಿನ ಗುರುತು ಹೋಗುತ್ತದಾ?

ವೈನಿ, 10:39
ಯಾವ ಗುರುತು?

ಅಣ್ಣ, 10:40
ಈ ಸಂದೇಶವನ್ನು ಅಳಿಸಲಾಗಿದೆ