ಸೋಮ್‌ದೇವ್ ಎರಡು ಸಲ ಚಾಂಪಿಯನ್, ವರ್ಜೀನಿಯಾ ತಂಡ ಮೊದಲ ಸಲ ಗೆದ್ದದ್ದು ಮಾತ್ರ 2013ರಲ್ಲಿ. ಯಾಕೆ?

ಲವ್‌ಫಾರ್ಟಿ:
ಭಾರತದ ಟೆನಿಸ್ ಆಟಗಾರ ಸೋಮ್‌ದೇವ್ ದೇವ್‌ವರ್ಮನ್ ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಪರ 2007, 2008ರಲ್ಲಿ ಎನ್‌ಸಿಎಎ (ಅಮೆರಿಕದ ಕಾಲೇಜು ಕ್ರೀಡಾ ಸಂಸ್ಥೆ) ಸಿಂಗಲ್ಸ್ ಗೆದ್ದರು. 2008ರ ಸೀಸನ್‌ನಲ್ಲಿ 44 ಗೆಲುವು, ಒಂದೇ ಸೋಲು. ಆದರೂ ತಂಡಕ್ಕೆ ಮೊದಲ ಎನ್‌ಸಿಎಎ ಪ್ರಶಸ್ತಿ ಬರಲು 2013 ಆಯ್ತು. ಸಿಂಗಲ್ಸ್ ಪ್ರಶಸ್ತಿ ತಂಡದ ಲೆಕ್ಕಕ್ಕೆ ಬರಲ್ವಾ?

ಬೇಸ್‌ಲೈನ್:
ಬರಲ್ಲ, ಎರಡೂ ಬೇರೆ ಟೂರ್ನಿ. 1976ರವರೆಗೆ ಸಿಂಗಲ್ಸ್, ಡಬಲ್ಸ್ ಗೆಲುವುಗಳ ಪಾಯಿಂಟ್ ಕೂಡಿಸಿ ತಂಡದ ಚಾಂಪಿಯನ್ ಯಾರೆಂದು ನಿರ್ಧರಿಸ್ತಿದ್ದರು. 1977ರಿಂದ ತಂಡಗಳಿಗೇ ಪ್ರತ್ಯೇಕ ನಾಕ್‌ಔಟ್.

ಸೋಮ್‌ದೇವ್ ಕಾಲಕ್ಕೂ ಈಗಲೂ ಎರಡು ತಂಡಗಳ ಒಂದು ಪಂದ್ಯಕ್ಕೆ 7 ಪಾಯಿಂಟ್. ಆರು ಸಿಂಗಲ್ಸ್‌ಗೆ ತಲಾ ಒಂದು. ಮೂರು ಡಬಲ್ಸ್‌ನಲ್ಲಿ ಎರಡು ಗೆದ್ದ ತಂಡಕ್ಕೆ ಒಟ್ಟಾರೆ ಒಂದು. ಮೊದಲು 4 ಮುಟ್ಟಿದವರು ಗೆದ್ದಂತೆ. ತಂಡದ ಅತಿ ಬಲಿಷ್ಠ ಆಟಗಾರ ಆಡುವ ಒಂದನೇ ಕೋರ್ಟ್‌ನಲ್ಲಿ ಸೋಮ್‌ದೇವ್ 6-0, 6-0ರಲ್ಲಿ ಗೆದ್ದರೂ ಒಂದೇ ಪಾಯಿಂಟ್, ಆರನೇ ಕೋರ್ಟ್‌ನಲ್ಲಿ ಟೈಬ್ರೇಕ್‌ವರೆಗೆ ಏದುಸಿರು ಬಿಟ್ಟು ಗೆದ್ದವನಿಗೂ ಅಷ್ಟೇ. ಬಲಿಷ್ಠ ಆಟಗಾರನನ್ನು ಬೇಕೆಂದೇ ಕೆಳಗಿನ ಸ್ಥಾನಕ್ಕೆ ಇಳಿಸುವಂತೆಯೂ ಇಲ್ಲ. ಹಾಗಾಗಿ ಕಪ್ ಬರೋದು 4, 5, 6ನೇ ಆಟಗಾರರ ಬಲದಿಂದ.

ಹಾರ್ಡ್‌ಕೋರ್ಟ್:
ಎದುರಾಳಿಗಳನ್ನೂ ನೋಡಿ. 2007, 2008ರ ತಂಡ ಪ್ರಶಸ್ತಿ ಎರಡೂ ಜಾರ್ಜಿಯಾ ವಿಶ್ವವಿದ್ಯಾಲಯದ್ದು. 2007ರ ಸಿಂಗಲ್ಸ್ ಫೈನಲ್‌ನಲ್ಲಿ ಸೋಮ್‌ದೇವ್ ಮೂರನೇ ಸೆಟ್ ಟೈಬ್ರೇಕ್‌ನಲ್ಲಿ ಸೋಲಿಸಿದ ಜಾನ್ ಇಸ್ನರ್ ಕೂಡ ಜಾರ್ಜಿಯಾದವರೇ. ಆಮೇಲೆ 2009ರಿಂದ 2012ರವರೆಗೆ ಸತತ ನಾಲ್ಕು ಸಲ ಯುಎಸ್‌ಸಿ (ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ). 2011, 2012ರ ಫೈನಲ್‌ಗಳಲ್ಲಿ ಅವರಿಗೆ ಸೋತದ್ದು ಇದೇ ವರ್ಜೀನಿಯಾ.

2013ರ ಫೈನಲ್ ಯುಸಿಎಲ್‌ಎ (ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ) ವಿರುದ್ಧ. 3-3 ಆಗಿ, ಉಳಿದದ್ದು ವರ್ಜೀನಿಯಾದ ಮಿಚೆಲ್ ಫ್ರಾಂಕ್ ಪಂದ್ಯ ಒಂದೇ. ಮ್ಯಾಚ್ ಪಾಯಿಂಟ್‌ನಲ್ಲಿದ್ದ ಎದುರಾಳಿ ನೆಟ್ ಮುಟ್ಟಿದ್ದರಿಂದ ಆ ಪಾಯಿಂಟ್ ಅವರ ಕೈತಪ್ಪಿತು, ಫ್ರಾಂಕ್ ಗೆದ್ದರು. ಅದೃಷ್ಟ ಅನ್ನಿ, ಆದರೆ ಆಮೇಲೆ 2015, 2016, 2017, 2022, 2023ರಲ್ಲೂ ಗೆದ್ದದ್ದಕ್ಕೆ ಅದೃಷ್ಟ ಕಾರಣ ಅಲ್ಲ.

ಲವ್‌ಫಾರ್ಟಿ:
ಸ್ಪಷ್ಟವಾಯ್ತು. ಇನ್ನೊಂದು: ಸರ್ವ್ ನೆಟ್‌ಗೆ ತಗುಲಿ ಬಾಕ್ಸ್‌ನೊಳಗೆ ಬಿದ್ದರೂ ಆಟ ನಿಲ್ಲಿಸಲ್ವಲ್ಲ?

ಬೇಸ್‌ಲೈನ್:
ಎನ್‌ಸಿಎಎ ಪುರುಷರ ಮೊದಲ ಡಿವಿಷನ್‌ನಲ್ಲಿ ಲೆಟ್ (ಅಂಥ ಸರ್ವ್ ಮತ್ತೆ ಮಾಡಿಸೋದು) ಇಲ್ಲ, ಆಡಲೇಬೇಕು. ಹೆಚ್ಚಿನ ಕಾಲೇಜು ಪಂದ್ಯಗಳಲ್ಲಿ ಲೈನ್ ಕರೆಯೋದು ಆಟಗಾರರೇ. ಏಸ್ (ಎದುರಾಳಿಗೆ ಮುಟ್ಟಲಾಗದ ಸರ್ವ್) ಬಿದ್ದಾಗೆಲ್ಲ 'ಲೆಟ್' ಅಂತ ಕೂಗಿ ಪಾಯಿಂಟ್ ತಪ್ಪಿಸೋ ಚಾಳಿಗೆ ಹಾಕಿದ ಕಡಿವಾಣ ಅದು. ಹಳೆಯ ಸ್ಕೋರ್ ಹೋಲಿಸುವಾಗ ಇದೂ ಗಮನದಲ್ಲಿರಲಿ: ಸೋಮ್‌ದೇವ್ ಕಾಲಕ್ಕೆ ಡಬಲ್ಸ್ 8 ಗೇಮ್‌ವರೆಗೆ, ಈಗ 6ಕ್ಕೇ ಮುಗಿಯುತ್ತೆ. ಈಗ 40-40 ಆದರೆ ಅಡ್ವಾಂಟೇಜ್ ಇಲ್ಲ, ಮುಂದಿನ ಪಾಯಿಂಟ್ ಗೆದ್ದವರಿಗೆ ಗೇಮ್.