ಮಂಡಿ ಸವೆದಿದೆ ಅಂದಮೇಲೂ ವ್ಯಾಯಾಮ ಮಾಡಬಹುದಾ?

ಪ್ರಶ್ನೆ: ನಮಸ್ತೆ ಮೇಡಂ. ನಮ್ಮ ಅಮ್ಮನಿಗೆ 64 ವರ್ಷ. ಎರಡು ವರ್ಷದಿಂದ ಬಲಮಂಡಿ ನೋವು. ಎಕ್ಸ್-ರೇ ನೋಡಿ ಗ್ರೇಡ್ 3 ಸವೆತ ಅಂದರು. ಅವತ್ತಿಂದ ಅಮ್ಮ ಮೆಟ್ಟಿಲು ಬಿಟ್ಟರು, ವಾಕಿಂಗ್ ಬಿಟ್ಟರು. "ಸವೆದಿರೋದನ್ನ ಇನ್ನೂ ಯಾಕೆ ಸವೆಸಲಿ" ಅಂತಾರೆ. ಫಿಸಿಯೋಥೆರಪಿಗೆ ಮೂರು ದಿನ ಹೋದರು, ನೋವು ಜಾಸ್ತಿ ಆಯ್ತು ಅಂತ ನಿಲ್ಲಿಸಿಬಿಟ್ಟರು. ವ್ಯಾಯಾಮದಿಂದ ಸವೆತ ಹೆಚ್ಚಾಗುತ್ತಾ? ಮನೆಯಲ್ಲಿ ಏನು ಮಾಡಿಸಬಹುದು?

ಉತ್ತರ: ಅಮ್ಮನವರ ಈ ಮಾತನ್ನು ಬೇರೆಬೇರೆ ಬಾಯಲ್ಲಿ ದಿನಾ ಕೇಳುತ್ತೇನೆ, ಅವರ ಮೇಲೆ ರೇಗಬೇಡಿ. "ಸವೆತ" ಅನ್ನೋ ಪದವೇ ಅರ್ಧ ಹೆದರಿಸುತ್ತದೆ. ಚಪ್ಪಲಿಯಾದರೆ ಹಾಕಿದಷ್ಟೂ ಸವೆಯುತ್ತದೆ, ನಿಜ. ಮಂಡಿ ಚಪ್ಪಲಿಯಲ್ಲ. ಮೂಳೆಯ ತುದಿಯನ್ನು ಮುಚ್ಚಿರುವ ನುಣುಪಾದ ಪದರಕ್ಕೆ, ಅಂದರೆ ಕಾರ್ಟಿಲೇಜಿಗೆ, ರಕ್ತನಾಳವಿಲ್ಲ. ಅದಕ್ಕೆ ಬೇಕಾದ ಪೋಷಣೆ ಹೆಚ್ಚಾಗಿ ಕೀಲಿನೊಳಗಿನ ದ್ರವದಿಂದಲೇ ಬರಬೇಕು. ಕಾಲೂರಿದಾಗ ಸ್ಪಂಜಿನ ಹಾಗೆ ಒತ್ತಿಕೊಳ್ಳುತ್ತದೆ, ಕಾಲೆತ್ತಿದಾಗ ಹೀರಿಕೊಳ್ಳುತ್ತದೆ. ಕೂತೇ ಇದ್ದರೆ ಅದಕ್ಕೆ ಉಪವಾಸ.

ಜೊತೆಗೆ ತೊಡೆಯ ಮುಂಭಾಗದ ಸ್ನಾಯು ಸೊರಗುತ್ತದೆ. ಮೆಟ್ಟಿಲಿಳಿಯುವಾಗ ಮೈಭಾರವನ್ನು ಮೆಲ್ಲಗೆ ಇಳಿಸಿಕೊಡುವುದು ಅದೇ. ಅದು ಕೈಬಿಟ್ಟರೆ ಪೆಟ್ಟು ಕೀಲಿಗೆ. ಇನ್ನೊಂದು ಕಿತಾಪತಿಯೂ ಇದೆ: ಮಂಡಿ ಊದಿಕೊಂಡರೆ ಆ ಸ್ನಾಯುವಿಗೆ ಹೋಗುವ ನರದ ಸಂದೇಶವೇ ತಗ್ಗುತ್ತದೆ. ಎಷ್ಟು ಮನಸ್ಸು ಮಾಡಿದರೂ ತೊಡೆ ಪೂರ್ತಿ ಬಿಗಿಯಾಗುವುದಿಲ್ಲ. ನೋವು ಅಂತ ವಿಶ್ರಾಂತಿ, ವಿಶ್ರಾಂತಿಯಿಂದ ಸೊರಗಿದ ತೊಡೆ, ಅದರಿಂದ ಇನ್ನಷ್ಟು ನೋವು. ಅಮ್ಮ ಈ ಸುಳಿಯಲ್ಲಿ ಸಿಕ್ಕಿಕೊಂಡ ಹಾಗೆ ಕಾಣುತ್ತದೆ.

ಇನ್ನು ಗ್ರೇಡ್. ಸಾಮಾನ್ಯವಾಗಿ ಬಳಸುವ 0ರಿಂದ 4ರವರೆಗಿನ ಅಳತೆ 1957ರಲ್ಲಿ ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಎಂಬ ವೈದ್ಯರು ಕೊಟ್ಟದ್ದು. ಅದು ಅಳೆಯುವುದು ಎಕ್ಸ್-ರೇಯಲ್ಲಿ ಕಾಣುವ ಮೂಳೆಗಳ ನಡುವಿನ ಸಂದು, ಮೂಳೆಯ ಮುಳ್ಳು ಇಂಥವನ್ನು, ನೋವನ್ನಲ್ಲ. ಕಾರ್ಟಿಲೇಜಿಗೆ ನರವೂ ಇಲ್ಲ. ನೋವು ಬರುವುದು ಅದರ ಕೆಳಗಿನ ಮೂಳೆ, ಕೀಲಿನ ಒಳಪೊರೆ, ಸುತ್ತಲಿನ ಸ್ನಾಯುಗಳಿಂದ. ಗ್ರೇಡ್ 4 ಇದ್ದೂ ಆರಾಮಾಗಿ ನಡೆಯುವವರಿದ್ದಾರೆ, ಗ್ರೇಡ್ 1ಕ್ಕೇ ಕಂಗಾಲಾದವರಿದ್ದಾರೆ.

ಮೂರನೇ ದಿನ ನೋವು ಜಾಸ್ತಿಯಾದದ್ದಕ್ಕೆ ಬಹುಶಃ ಕಾರಣ ವ್ಯಾಯಾಮವಲ್ಲ, ಅದರ ಪ್ರಮಾಣ. ನಾನು ಹೇಳಿಕೊಡುವ ಲೆಕ್ಕ ಹೀಗೆ: ನೋವಿಗೆ ಹತ್ತರಲ್ಲಿ ಅಂಕ ಕೊಡಲಿ. ಮಾಡುವಾಗ ಮೂರು ಅಂಕದವರೆಗೆ ಬಂದರೆ ಚಿಂತೆಯಿಲ್ಲ, ಮುಂದುವರಿಸಿ. ಮಾರನೇ ದಿನ ಅದೇ ಹೊತ್ತಿಗೆ ನೋವು ಮೊದಲಿನ ಮಟ್ಟಕ್ಕೆ ಇಳಿದಿರಬೇಕು. ಇಳಿದಿಲ್ಲವಾದರೆ ಎಣಿಕೆಯನ್ನು ಅರ್ಧಕ್ಕಿಳಿಸಿ. ನಿಲ್ಲಿಸಬೇಡಿ.

ಮನೆಯಲ್ಲಿ ಮೂರೇ ಸಾಕು. ಹತ್ತು ಹೇಳಿದರೆ ಯಾರೂ ಮಾಡುವುದಿಲ್ಲ.

ಮೊದಲನೆಯದು ಟವೆಲ್ ಒತ್ತುವುದು. ಹಾಸಿಗೆಯ ಮೇಲೆ ಕಾಲು ಚಾಚಿ ಕೂರಲಿ. ಟವೆಲ್ ಸುರುಳಿ ಸುತ್ತಿ ಮಂಡಿಯ ಅಡಿಗಿಟ್ಟು, ಮಂಡಿಯಿಂದ ಕೆಳಕ್ಕೆ ಒತ್ತಲಿ. ಐದು ಎಣಿಸುವವರೆಗೆ ಬಿಗಿ, ಆಮೇಲೆ ಸಡಿಲ, ಹತ್ತು ಸಲ. ಇಲ್ಲಿ ನೀವೊಂದು ಕೆಲಸ ಮಾಡಿ: ಮಂಡಿ ಚಿಪ್ಪಿನ ಮೇಲ್ಗಡೆ, ಒಳಬದಿಗೆ ಎರಡು ಬೆರಳು ಇಟ್ಟು ನೋಡಿ. ಎಡಗಾಲಿನಲ್ಲಿ ಗಟ್ಟಿ ಗಡ್ಡೆಯ ಹಾಗೆ ಎದ್ದು ಬರುವ ಸ್ನಾಯು ಬಲಗಾಲಿನಲ್ಲಿ ಬೆರಳಿಗೆ ಮೆತ್ತಗೇ ಸಿಗುತ್ತಿದೆಯಾ? ಹಾಗಿದ್ದರೆ ಅಮ್ಮನಿಗೂ ಮುಟ್ಟಿಸಿ. ಎಕ್ಸ್-ರೇ ತೋರಿಸಿ ನಾನು ಅರ್ಧ ಗಂಟೆ ಮಾತಾಡಿದರೂ ಒಪ್ಪದವರು ಇದಕ್ಕೆ ಒಪ್ಪುತ್ತಾರೆ.

ಎರಡನೆಯದು ಕುರ್ಚಿಯಿಂದ ಏಳುವುದು. ಇದೇ ಮುಖ್ಯ. ಗೋಡೆಗೆ ಒತ್ತಿಟ್ಟ, ಅಲುಗಾಡದ ಕುರ್ಚಿ ಇರಲಿ. ಎತ್ತರ ಸಾಲದಿದ್ದರೆ ಸೀಟಿನ ಮೇಲೊಂದು ಗಟ್ಟಿ ದಿಂಬು ಹಾಕಿ. ಸೀಟು ಎತ್ತರವಾದಷ್ಟೂ ಮಂಡಿಗೆ ಕೆಲಸ ಕಮ್ಮಿ. ಪಾದ ಸ್ವಲ್ಪ ಹಿಂದಕ್ಕೆಳೆದು, ಎದೆ ಮುಂದಕ್ಕೆ ಬಾಗಿಸಿ, ಸಾಧ್ಯವಾದರೆ ಕೈಯೂರದೆ ಏಳಬೇಕು. ಕೂರುವುದು ಇನ್ನೂ ಮುಖ್ಯ, ಮೂರು ಎಣಿಸುತ್ತ ನಿಧಾನಕ್ಕೆ. ಕುರ್ಚಿಯಿಂದ "ಧಪ್" ಅಂತ ಸದ್ದು ಬಂದರೆ ಆ ಸಲದ್ದು ಲೆಕ್ಕಕ್ಕಿಲ್ಲ. ಎದುರು ನಿಂತು ಗಮನಿಸಿ, ಏಳುವಾಗ ಮಂಡಿ ಒಳಕ್ಕೆ ವಾಲಬಾರದು, ಮೈಭಾರವೆಲ್ಲ ಎಡಗಾಲಿಗೆ ಜಾರಬಾರದು. ಐದರಿಂದ ಶುರುಮಾಡಿ, ನೋವಿನ ಲೆಕ್ಕ ನೋಡಿಕೊಂಡು ಹತ್ತಕ್ಕೆ ಹೋಗಿ.

ಮೂರನೆಯದು, ಎಡಕ್ಕೆ ಒರಗಿ ಮಲಗಿ ಬಲಗಾಲನ್ನು ನೇರವಾಗಿ ಒಂದು ಗೇಣು ಎತ್ತಿ ಇಳಿಸುವುದು, ಹತ್ತು ಸಲ. ಸೊಂಟದ ಪಕ್ಕದ ಸ್ನಾಯುವಿಗೆ ಇದು.

ಟವೆಲ್ ದಿನಾ, ಉಳಿದೆರಡು ದಿನ ಬಿಟ್ಟು ದಿನ. ನಡಿಗೆ ಹತ್ತು ನಿಮಿಷದಿಂದ ಶುರುವಾಗಲಿ. ಆರು ವಾರ ಕಾಯದೆ ತೀರ್ಮಾನಕ್ಕೆ ಬರಬೇಡಿ.

ಅದೇ ಸದಸ್ಯರು: ಬೆರಳಿಟ್ಟು ನೋಡಿದೆವು ಮೇಡಂ, ನೀವು ಹೇಳಿದ ಹಾಗೇ ಇದೆ! ಅಮ್ಮ ಸುಮ್ಮನಾದರು. ಆದರೆ "ಕರೆಂಟ್ ಇಡಲಿ ಸಾಕು, ಅದು ಹಿತವಾಗಿರುತ್ತೆ" ಅಂತಾರೆ.

ಉತ್ತರ: ಹಿತವಾಗಿರುತ್ತೆ, ಅದನ್ನು ಅಲ್ಲಗಳೆಯಲ್ಲ. ಆದರೆ ಮಲಗಿಸಿ ಯಂತ್ರ ಇಟ್ಟರೆ ತೊಡೆಗೆ ಬಲ ಬರಲ್ಲ. ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಅಂತ ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2022ರ ಮಾರ್ಗಸೂಚಿಯಲ್ಲಿ ಟೆನ್ಸ್ (ಚರ್ಮದ ಮೇಲಿಂದ ಸಣ್ಣ ಕರೆಂಟ್ ಹಾಯಿಸುವುದು), ಅಲ್ಟ್ರಾಸೌಂಡ್‌ನಂಥ ಯಂತ್ರ ಚಿಕಿತ್ಸೆಗಳನ್ನು ಇಂಥ ಸವೆತದ ಸಂಧಿವಾತಕ್ಕೆ ಕೊಡಬೇಡಿ ಅಂತಲೇ ಹೇಳಿದೆ. ವ್ಯಾಯಾಮವನ್ನು ಎಲ್ಲರಿಗೂ ಕೊಡಿ ಅಂದಿದೆ. ನನ್ನ ಕ್ಲಿನಿಕ್ಕಿನಲ್ಲೂ ಯಂತ್ರವಿದೆ, ಸುಳ್ಳು ಹೇಳಲ್ಲ. ಈಗೀಗ ಅದರ ಮೇಲೆ ಧೂಳೇ ಜಾಸ್ತಿ. ಹಿತ ಬೇಕಾದರೆ ಬಿಗಿತ ಇದ್ದಾಗ ಬಿಸಿ ಶಾಖ, ಊತ ಇದ್ದಾಗ ಬಟ್ಟೆ ಸುತ್ತಿದ ಐಸ್, ಯಾವುದಾದರೂ ಹದಿನೈದು ನಿಮಿಷ. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರು ಇವೆರಡರಲ್ಲೂ ಹುಷಾರಾಗಿರಬೇಕು.

ಇನ್ನೊಬ್ಬರ ಪ್ರಶ್ನೆ: ನನಗೆ 58. ಮಂಡಿಗೆ ಸ್ಟಿರಾಯ್ಡ್ ಇಂಜೆಕ್ಷನ್ ತಗೋಬಹುದು ಅಂದಿದ್ದಾರೆ. ಫಿಸಿಯೋ ಬೇಕೋ, ಇಂಜೆಕ್ಷನ್ನೋ?

ಉತ್ತರ: ಸರ್, ಇವೆರಡನ್ನೇ ಎದುರುಬದುರು ಇಟ್ಟು ಅಮೆರಿಕದ ಸೇನಾ ಆಸ್ಪತ್ರೆಗಳಲ್ಲಿ 156 ಜನರ ಮೇಲೆ ಅಧ್ಯಯನ ಮಾಡಿ 2020ರಲ್ಲಿ ಪ್ರಕಟಿಸಿದ್ದಾರೆ. ಒಂದು ವರ್ಷದ ಕೊನೆಗೆ ಫಿಸಿಯೋಥೆರಪಿ ಪಡೆದವರಲ್ಲಿ ನೋವೂ ಕಮ್ಮಿ, ಓಡಾಟವೂ ಸಲೀಸು. ಇಂಜೆಕ್ಷನ್ ಬೇಗ ಆರಾಮ ಕೊಡುತ್ತದೆ, ಕೆಲವು ವಾರ. ನೋವು ವ್ಯಾಯಾಮಕ್ಕೇ ಬಿಡದಷ್ಟಿದ್ದರೆ ಆ ಕೆಲವು ವಾರವನ್ನು ತೊಡೆ ಗಟ್ಟಿ ಮಾಡಿಕೊಳ್ಳಲು ಬಳಸಬಹುದು. ಆರಾಮಾಯ್ತು ಅಂತ ಸುಮ್ಮನೆ ಕೂತರೆ ಮತ್ತೆ ಅದೇ ಬಾಗಿಲಿಗೆ ಬರುತ್ತೀರಿ. ತೀರ್ಮಾನ ನಿಮ್ಮ ಮೂಳೆ ವೈದ್ಯರ ಜೊತೆ ಮಾತಾಡಿ ಆಗಲಿ.

ತೂಕ ಜಾಸ್ತಿ ಇದ್ದರೆ ಅದನ್ನೂ ಗಮನಿಸಿ. ಒಂದು ಕೆ.ಜಿ. ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲೆ ಸುಮಾರು ನಾಲ್ಕು ಕೆ.ಜಿ. ಹೊರೆ ಇಳಿಯುತ್ತದೆ.

ಮತ್ತೊಬ್ಬರು: ಮಂಡಿ ಮಡಚಿದರೆ ಕಟಕಟ ಅನ್ನುತ್ತೆ, ಅಪಾಯವೇ?

ಉತ್ತರ: ನೋವು, ಊತ ಇಲ್ಲದ ಬರೀ ಸದ್ದಿಗೆ ತಲೆ ಕೆಡಿಸಿಕೊಳ್ಳಬೇಡಿ. ಜೊತೆಗೆ ನೋವು, ಊತ ಇದ್ದರೆ ಅಥವಾ ಮಡಚುವಾಗ ಮಂಡಿ ಅರ್ಧದಲ್ಲೇ ಸಿಕ್ಕಿಹಾಕಿಕೊಂಡು ಬಿಡಿಸಲಾಗದೆ ಹೋದರೆ ವೈದ್ಯರಿಗೆ ತೋರಿಸಿ.

ಮತ್ತೊಬ್ಬರು: ನಮ್ಮ ತಂದೆ ಕೋಲನ್ನು ನೋವಿರುವ ಕಡೆಗೇ ಹಿಡಿಯುತ್ತಾರೆ. ರಾತ್ರಿ ಮಂಡಿಯಡಿ ದಿಂಬಿಲ್ಲದೆ ಮಲಗುವುದೂ ಇಲ್ಲ. ಸರಿಯೇ?

ಉತ್ತರ: ಎರಡೂ ತಪ್ಪು, ಎರಡೂ ಎಲ್ಲರೂ ಮಾಡುವ ತಪ್ಪೇ. ಬಲಮಂಡಿ ನೋವಾದರೆ ಕೋಲು ಎಡಗೈಲಿ, ಬಲಗಾಲಿನ ಜೊತೆಗೇ ಮುಂದಕ್ಕೆ ಹೋಗಬೇಕು. ಕೈ ಇಳಿಬಿಟ್ಟಾಗ ಕೋಲಿನ ಹಿಡಿ ಮಣಿಕಟ್ಟಿನ ಮಟ್ಟಕ್ಕಿರಲಿ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು.

ದಿಂಬಿನ ವಿಷಯ ನನಗೆ ಹೆಚ್ಚು ಚಿಂತೆ. ರಾತ್ರಿಯಿಡೀ ಮಡಚಿಯೇ ಇದ್ದ ಮಂಡಿ ಬರಬರುತ್ತ ಪೂರ್ತಿ ಚಾಚಿಕೊಳ್ಳುವುದನ್ನೇ ಮರೆಯುತ್ತದೆ. ಚಾಚಿಕೊಳ್ಳದ ಮಂಡಿಯ ಮೇಲೆ ನಿಂತರೆ ತೊಡೆಗೆ ಬಿಡುವೇ ಇಲ್ಲ, ನಿಂತಲ್ಲೇ ದಣಿಯುತ್ತಾರೆ. ದಿಂಬು ಬೇಕೇಬೇಕು ಅಂದರೆ ಮಗ್ಗುಲಾಗಿ ಮಲಗಿ ಎರಡು ಮಂಡಿಗಳ ನಡುವೆ ಇಟ್ಟುಕೊಳ್ಳಲಿ.

ಮತ್ತೊಬ್ಬರು: ನನಗೆ 36 ವರ್ಷ ಮೇಡಂ. ಬೆಳಿಗ್ಗೆ ಎದ್ದರೆ ಎರಡೂ ಮಂಡಿ, ಜೊತೆಗೆ ಕೈಬೆರಳು ಬಿಗಿದಿರುತ್ತೆ. ಸಡಿಲವಾಗಲು ಒಂದೂವರೆ ಗಂಟೆ ಬೇಕು. ಟವೆಲ್ ವ್ಯಾಯಾಮ ಶುರು ಮಾಡಲೇ?

ಉತ್ತರ: ಮೊದಲು ವೈದ್ಯರನ್ನು ನೋಡಿ, ಈ ವಾರವೇ. ವಯಸ್ಸಿನ ಮಂಡಿನೋವಿನಲ್ಲಿ ಬೆಳಗಿನ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಬಿಡುತ್ತದೆ. ನೀವು ಹೇಳುವುದು ಉರಿಯೂತದ ಸಂಧಿವಾತದ ಲಕ್ಷಣವಿರಬಹುದು; ಅದಕ್ಕೆ ರಕ್ತಪರೀಕ್ಷೆ, ಬೇರೆಯೇ ಔಷಧ ಬೇಕು, ತಡಮಾಡಿದರೆ ಕೀಲು ಹಾಳಾಗುತ್ತದೆ. ಹಾಗೆಯೇ ಮಂಡಿ ಇದ್ದಕ್ಕಿದ್ದಂತೆ ಕೆಂಪಾಗಿ, ಬಿಸಿಯಾಗಿ, ಜ್ವರ ಬಂದರೆ ಯಾರೂ ಇಲ್ಲಿ ಬರೆದು ಉತ್ತರಕ್ಕೆ ಕಾಯಬೇಡಿ, ನೇರ ಆಸ್ಪತ್ರೆಗೆ ಹೋಗಿ.

ಮೊದಲು ಕೇಳಿದ ಸದಸ್ಯರು, ಏಳು ವಾರದ ನಂತರ: ಮೇಡಂ, ನೋವು ಪೂರ್ತಿ ಹೋಗಿಲ್ಲ. ಆರು ಅಂಕ ಇದ್ದದ್ದು ಈಗ ಮೂರು. ನಡುವೆ ಒಂದು ವಾರ ಊದಿಕೊಂಡಿತ್ತು, ಎಣಿಕೆ ಅರ್ಧ ಮಾಡಿದೆವು, ಇಳಿಯಿತು. ಅಮ್ಮ ಕುರ್ಚಿಯಿಂದ ಹನ್ನೆರಡು ಸಲ ಕೈಯೂರದೆ ಏಳುತ್ತಾರೆ, ಎಣಿಸೋದು ನಾನು, ಜಗಳ ಆಡೋದು ಅವರು. ನಿನ್ನೆ ನಾನು ಆಫೀಸಿಂದ ಬರೋಷ್ಟರಲ್ಲಿ ಒಬ್ಬರೇ ಮಹಡಿ ಹತ್ತಿ ಬಟ್ಟೆ ಒಣಗಿಸಿ ಬಂದಿದ್ದರು. ಮುಂದೇನು?

ಉತ್ತರ: ಕುರ್ಚಿ ಮೇಲಿನ ದಿಂಬು ತೆಗೆಯಿರಿ. ಮತ್ತೆ ಐದರಿಂದ ಶುರು. ಧಪ್ ಅಂದರೆ ಲೆಕ್ಕಕ್ಕಿಲ್ಲ ಅಂತ ಅಮ್ಮನಿಗೆ ನೆನಪಿಸಿ.